ನಾಲ್ಕು ಪೊಟ್ಟಣ

ಶವಸಂಸ್ಕಾರದ ಕಂಪನಿಯವನು ತೋನ್ ಅಜ್ಜನ ಬೈತಲೆಯನ್ನು ಬಲಕ್ಕೆ ತೆಗೆದಿದ್ದ. ಅಜ್ಜ ಬಾಚುತ್ತಿದ್ದದ್ದು ಎಡಕ್ಕೆ. ಪೆಟ್ಟಿಗೆಯ ಕಾಲ ಬಳಿ ನಿಂತಿದ್ದ ಮೊಮ್ಮಗಳು ದ್ಯೆಪ್ ಅದನ್ನು ನೋಡಿದಳು, ಯಾರಿಗೂ ಹೇಳಲಿಲ್ಲ. ಅವಳ ಬಿಳಿ ಅಂಗಿಯ ಜೇಬಿನಲ್ಲಿ ನಾಲ್ಕು ಸಣ್ಣ ಕಾಗದದ ಪೊಟ್ಟಣಗಳಿದ್ದವು.

ಕಳೆದ ವಾರ ಆಸ್ಪತ್ರೆಯಲ್ಲಿ ಅಜ್ಜನೇ ಕೇಳಿ ಅವಳ ಕೈಯಲ್ಲಿ ಉಗುರು ತೆಗೆಸಿಕೊಂಡಿದ್ದ. "ಎರಡು ಕೈಯ್ದು, ಎರಡು ಕಾಲಿಂದು, ಬೇರೆ ಬೇರೆ ಕಟ್ಟು ಮಗಾ. ಪೆಟ್ಟಿಗೇಲಿ ನೀನೇ ಇಡು, ನಿನ್ನ ಚಿಕ್ಕಪ್ಪ ಹ್ವಾನ್‌ಗೆ ಇದೆಲ್ಲ ಗೊತ್ತಿಲ್ಲ. ಮರೆತ್ರೆ ಆ ಲೋಕದಲ್ಲಿ ಊಟದ ಕಡ್ಡಿ ಹಿಡಿಯೋಕಾಗದೆ ಹಸ್ಕೊಂಡು ಕೂರ್ಬೇಕು ನಾನು" ಎಂದು ನಕ್ಕಿದ್ದ.

ದೇಶ ಬಿಟ್ಟು ಓಡಿ ಬರುವಾಗ ದೋಣಿಯಲ್ಲಿ ಅಜ್ಜಿ ಸತ್ತಳು, ಆಗ ಕುಡಿಯಲಿಕ್ಕೇ ನೀರಿರಲಿಲ್ಲ. ತೊಳೆಯದೆ ಸಮುದ್ರಕ್ಕೆ ಬಿಟ್ಟರು. ಅಜ್ಜನ ಕೈಯಲ್ಲಿ ದೊಡ್ಡ ಮಗ, ಬೆನ್ನ ಮೇಲೆ ಎರಡು ವರ್ಷದ ಹ್ವಾನ್. ಅವನು ಮತ್ತೆ ಮದುವೆಯಾಗಲಿಲ್ಲ. ಅಡಿಲೇಡಿನ ಹೊರಗೆ ಸೌತೆಕಾಯಿ ಬೆಳೆಯುವ ಪ್ಲಾಸ್ಟಿಕ್ ಮನೆಗಳಲ್ಲಿ ದುಡಿದು ಮಕ್ಕಳನ್ನು ಸಾಕಿದ. ಆಮೇಲೆ ತಂದೆ ಸತ್ತ ದ್ಯೆಪ್‌ಳನ್ನೂ. ನಲವತ್ತು ವರ್ಷ, ಅಲ್ಲಿದ್ದ ತಮ್ಮ ದೇಶದವರು ಯಾರು ಸತ್ತರೂ ಅವನೇ ಹೋಗಿ ಹೆಣ ತೊಳೆದ. ಶುಂಠಿ ಹಾಕಿದ ಬೆಚ್ಚಗಿನ ನೀರು, ಅಕ್ಕಿಯ ಮದ್ಯ. ಒಂದು ಬಟ್ಟಲು ಚಹಾ ಬಿಟ್ಟು ಸತ್ತವರ ಮನೆಗಳಲ್ಲಿ ಏನನ್ನೂ ಮುಟ್ಟುತ್ತಿರಲಿಲ್ಲ. ಹದಿನೈದಕ್ಕೇ ಶಾಲೆ ಬಿಟ್ಟ ದ್ಯೆಪ್ ಬೋಗುಣಿ ಹಿಡಿದು ಪಕ್ಕದಲ್ಲಿರುತ್ತಿದ್ದಳು. ಈಗ ಆ ಕೆಲಸ ಬಲ್ಲವಳು ಅವಳೊಬ್ಬಳೇ. ಆದರೂ ನಿನ್ನೆ ಹ್ವಾನ್ ಚಿಕ್ಕಪ್ಪ, "ಕಂಪನಿಯವರೇ ತೊಳೀತಾರೆ, ಅದು ಅವರ ಕೆಲಸ" ಅಂದಾಗ ಅವಳು ಬಾಯಿ ತೆರೆದಿರಲಿಲ್ಲ.

"ನನ್ನ ಯಜಮಾನ್ರನ್ನ ಇವರು ತೊಳೆದಾಗ ಮಗು ಮಲಗಿದ ಹಾಗಿತ್ತಪ್ಪ," ನೆರೆಮನೆಯ ಸಾವ್ ಅಜ್ಜಿ ಪೆಟ್ಟಿಗೆಯೊಳಗೆ ಬಗ್ಗಿ ನೋಡಿದಳು. "ಈಗ ಇವರೇ ನೋಡು, ಬ್ಯಾಂಕ್ ಮ್ಯಾನೇಜರ್ ಥರ ಕಾಣ್ತಾರೆ."

"ಸುಮ್ನಿರಿ ಅಜ್ಜಿ. ಹನ್ನೊಂದೂವರೆಗೆ ಸ್ಮಶಾನದಲ್ಲಿರ್ಬೇಕು," ಎಂದು ಹ್ವಾನ್ ಕಂಪನಿಯವನಿಗೆ ಕೈ ಸನ್ನೆ ಮಾಡಿದ.

"ಚಿಕ್ಕಪ್ಪ," ಎಂದಳು ದ್ಯೆಪ್.

"ಏನೇ?"

ಸೂತಕದ ಬಿಳಿ ಪಟ್ಟಿ ಕಟ್ಟಿದ ತಲೆಗಳೆಲ್ಲ ಅವಳತ್ತ ತಿರುಗಿದವು. ಜೇಬಿನ ಮೇಲಿಟ್ಟ ಕೈ ಅಲ್ಲೇ ಉಳಿಯಿತು.

"ಏನಿಲ್ಲ."

"ಮೂಗಿ ಮಾತಾಡಿದ್ಲು ಅಂದ್ಕೊಂಡೆ." ಅವನ ಕಣ್ಣುಗಳು ಅತ್ತು ಕೆಂಪಾಗಿದ್ದವು.

ಮುಚ್ಚಳಕ್ಕೆ ನಾಲ್ಕು ತಿರುಪು. ಮೂರನೆಯದು ಬಿಗಿಯುವವರೆಗೂ ಹೇಳಬಹುದಿತ್ತು. ನಾಲ್ಕನೆಯದನ್ನು ಕಂಪನಿಯವನು ಬಿಗಿದು ಅಂಗೈಯಿಂದ ಒರೆಸಿದ.

ಮಣ್ಣು ಮಾಡಿ ಬಂದ ಮೇಲೆ ದ್ಯೆಪ್ ಅಜ್ಜನ ಫೋಟೊದ ಮುಂದೆ ಅನ್ನದ ಬಟ್ಟಲಿಟ್ಟಳು, ಪಕ್ಕದಲ್ಲಿ ಕಡ್ಡಿಗಳನ್ನು ಜೋಡಿಸಿದಳು. ಜೇಬಿನ ಪೊಟ್ಟಣಗಳು ಕೈಗೆ ತಗುಲಿದವು. ಆಮೇಲೆ ಕಡ್ಡಿಗಳನ್ನು ತೆಗೆದು, ಆಸ್ಪತ್ರೆಯಲ್ಲಿ ಅವನಿಗೆ ಗಂಜಿ ಉಣ್ಣಿಸುತ್ತಿದ್ದ ಚಮಚವನ್ನು ಇಟ್ಟಳು.