ಆಳುದ್ದ ಮತ್ತು ಅರ್ಧ ಗೇಣು

“ಆಳು ಬರದೆ ಅಳತೆ ಇಲ್ಲ. ಹೊರಗೆ ಬೋರ್ಡಲ್ಲಿ ಬರೆದಿದೀನಲ್ಲ, ಓದಲಿಲ್ವಾ?” ಎಂದ ಗೇಣಣ್ಣ, ಉಜ್ಜುತ್ತಿದ್ದ ಹಿಡಿಯಿಂದ ಕಣ್ಣು ಎತ್ತದೆ.

ಬಾಗಿಲಲ್ಲಿ ನಿಂತಿದ್ದ ಯುವಕ ಓದಿದ್ದ. ಓದಿಯೂ ಒಳಗೆ ಬಂದಿದ್ದ.

“ಅವಳು ಬರಲ್ಲ ಸರ್, ನನ್ನ ಹೆಂಡತಿ. ಹುಟ್ಟು ಮಾರೋ ಅಂಗಡಿ ಕಂಡ್ರೆ ರಸ್ತೆ ದಾಟಿ ಆ ಕಡೆ ನಡೀತಾಳೆ. ಅವಳಿಗೆ ಗೊತ್ತಾಗದ ಹಾಗೆ ಒಂದು ಮಾಡಿಸ್ಕೊಂಡು ಹೋಗೋಣ ಅಂತ ಎರಡು ಗಂಟೆ ಬಸ್ಸಲ್ಲಿ ಬಂದಿದೀನಿ. ಭುಜ ಕೆಟ್ಟವರಿಗೆ ನೀವೇ ಸರಿ ಅಂದ್ರು ಎಲ್ಲರೂ.”

ಎಲ್ಲರೂ ಹೇಳುತ್ತಿದ್ದುದು ನಿಜ. ನೀರಿನ ಮೇಲೆ ಉದ್ದನೆಯ ಹಲಗೆ ಬಿಟ್ಟು, ಅದರ ಮೇಲೆ ನಿಂತು, ಒಂದೇ ಹುಟ್ಟಿನಿಂದ ನೀರು ತಳ್ಳಿಕೊಂಡು ಹೋಗುವವರಿಗೆ ಹುಟ್ಟು ಮಾಡಿಕೊಡುವುದು ಗೇಣಣ್ಣನ ಕೆಲಸ. ಬೇರೆ ಅಂಗಡಿಗಳಲ್ಲಿ ಗೋಡೆಗೆ ಚಾರ್ಟ್ ಅಂಟಿಸಿರುತ್ತಾರೆ. ಇಷ್ಟು ಎತ್ತರಕ್ಕೆ ಇಷ್ಟು ಉದ್ದ, ತಗೊಳ್ಳಿ, ನಡೀರಿ. ಇವನು ಹಾಗಲ್ಲ. ಗಿರಾಕಿಯನ್ನು ಬರಿಗಾಲಲ್ಲಿ ನಿಲ್ಲಿಸಿ, ಕೋಲನ್ನು ಬೆನ್ನಿಗೆ ಒರಗಿಸಿ, ನೆತ್ತಿಯ ಮೇಲೆ ತನ್ನ ಎಡಗೈ ಗೇಣು ಚಾಚಿ ಗುರುತು ಹಾಕುತ್ತಿದ್ದ. ಆಳುದ್ದ ಮತ್ತು ಒಂದು ಗೇಣು. ಅದಕ್ಕೇ ಆ ಹೆಸರು. ಹೆತ್ತವರು ಇಟ್ಟ ಹೆಸರು ಈ ಕೆರೆ ದಂಡೆಯಲ್ಲಿ ಯಾರಿಗೂ ಗೊತ್ತಿಲ್ಲ. ಆಮೇಲೆ ತೋಳು ಎತ್ತಿಸಿ, ಇಳಿಸಿ, ತಿರುಗಿಸಿ ನೋಡಿ, ನೀರು ತಳ್ಳುವ ತುದಿಯ ಬ್ಲೇಡು ಎಷ್ಟು ಅಗಲ ಇರಬೇಕು, ಕೋಲು ಎಷ್ಟು ಬಳುಕಬೇಕು ಎಂದು ಹೇಳುತ್ತಿದ್ದ. ಹುಡುಗರು ಬಂದು ದೊಡ್ಡ ಬ್ಲೇಡು, ಸೆಟೆದ ಕೋಲು ಬೇಕೆಂದು ಹಟ ಹಿಡಿದರೆ, “ದೊಡ್ಡ ತುತ್ತು ಸರಿ ಕಣಯ್ಯಾ, ಗಂಟಲು ತೋರ್ಸು ಮೊದಲು” ಎಂದು ಬೈದು ಕಳಿಸುತ್ತಿದ್ದ. ಭುಜ ನೋಯುವವರು ಮಾತ್ರ ಎಲ್ಲೆಲ್ಲಿಂದಲೋ ಹುಡುಕಿಕೊಂಡು ಬರುತ್ತಿದ್ದರು.

“ಯಾವ ಭುಜ?” ಎಂದು ಕೇಳಿದ, ಬಂದವನನ್ನು ಬರಿಗೈಲಿ ಕಳಿಸಲು ಮನಸ್ಸಾಗದೆ.

“ಬಲಗಡೇದು. ಹದಿನೈದನೇ ವಯಸ್ಸಲ್ಲಿ, ರೇಸ್ ನಡೀತಿರುವಾಗ ಹೋಯ್ತಂತೆ. ಕೈ ಕಿವಿಗಿಂತ ಮೇಲೆ ಏಳಲ್ಲ. ತಲೆ ಬಾಚ್ಕೊಳ್ಳೋದೂ ಎಡಗೈಲೇ.”

ಸ್ಯಾಂಡ್‌ಪೇಪರ್ ಒಂದು ಗಳಿಗೆ ನಿಂತಿತು. ಮತ್ತೆ ಶುರುವಾಯಿತು. ರೇಸಿನಲ್ಲಿ ಭುಜ ಕಳೆದುಕೊಂಡವರು ಊರಿಗೊಬ್ಬರು ಇರುತ್ತಾರೆ ಎಂದು ಗೇಣಣ್ಣ ತನಗೆ ತಾನೇ ಹೇಳಿಕೊಂಡ.

“ಎತ್ತರ?”

“ನನ್ನ ಮೂಗಿನವರೆಗೆ ಬರ್ತಾಳೆ.”

“ನಿಮ್ಮ ಮೂಗು ನನ್ನ ಟೇಪಲ್ಲಿ ಇಲ್ವಲ್ಲ ಸ್ವಾಮಿ.”

ಯುವಕ ನಕ್ಕ. ಒಳ್ಳೆಯ ನಗು, ಮುಚ್ಚುಮರೆ ಇಲ್ಲದ್ದು. “ನಾವು ಮೊನ್ನೆ ಮೊನ್ನೆ ಕೆರೆ ಕಾಣೋ ಮನೆಗೆ ಬಂದ್ವಿ. ಅಲ್ಲಿಂದ ನೋಡ್ತಿದೀನಿ. ಸಂಜೆ ಆದ್ರೆ ಬಾಲ್ಕನೀಲಿ ನಿಂತ್ಕೋತಾಳೆ. ನೀರಿನ ಮೇಲೆ ಯಾರಾದ್ರೂ ಹೋಗ್ತಿದ್ರೆ ಇವಳ ಕೈ ಕಂಬಿ ಮೇಲೆ ಸುಮ್ಮನೆ ಇರಲ್ಲ. ಇಲ್ನೋಡಿ, ಹೀಗೆ.” ಅವನು ಮೇಜಿನ ಅಂಚನ್ನು ಹಿಡಿಯಂತೆ ಹಿಡಿದು ಮುಂದಕ್ಕೆ ಒತ್ತಿ ತೋರಿಸಿದ. “ಹೆಬ್ಬೆರಳು ಒಳಗೆ ಮಡಚಿ. ಕೇಳಿದ್ರೆ ಏನಿಲ್ಲ ಅಂತಾಳೆ.”

ಹೆಬ್ಬೆರಳು ಒಳಗೆ ಮಡಚಿ. ಎರಡು ವರ್ಷ, ದಿನಾ ಬೆಳಿಗ್ಗೆ, ದಂಡೆಯ ಮೇಲೆ ನಿಂತು ಗೇಣಣ್ಣ ಕೂಗಿದ್ದು ಅದೊಂದೇ ಮಾತು: ಹೆಬ್ಬೆರಳು ಆಚೆ ತೆಗಿ ಮಗಳೇ, ಹೆಬ್ಬೆರಳು ಆಚೆ ತೆಗಿ. ಅವಳು ತೆಗೆಯಲೇ ಇಲ್ಲ.

ಅವನು ಹಿಡಿಯನ್ನು ಮೇಜಿನ ಮೇಲಿಟ್ಟ. ಕೈಯನ್ನು ಪ್ಯಾಂಟಿಗೆ ಒರೆಸಿಕೊಂಡ.

“ಅವಳಿಗೆ ಕಲಿಸಿದ್ದು ಯಾರು?”

“ಅವಳಪ್ಪ. ಈಗಿಲ್ಲ ಅವರು.”

“ಯಾವಾಗ ಹೋದ್ರು?”

“ಅವಳಿಗೆ ಹದಿನಾರು ಇದ್ದಾಗಂತೆ. ಜಾಸ್ತಿ ಹೇಳಲ್ಲ ಅವಳು, ನಾನೂ ಕೇಳಲ್ಲ.”

“ಪಾಪ,” ಎಂದ ಗೇಣಣ್ಣ.

ತನ್ನ ಸಾವಿನ ಸುದ್ದಿ ಕೇಳಿ ತಾನೇ ಪಾಪ ಅನ್ನುವ ಯೋಗ ಎಲ್ಲರಿಗೂ ಬರುವುದಿಲ್ಲ. ಅವನಿಗೆ ಬಂತು. ಸಿಟ್ಟು ಬರಬೇಕಿತ್ತು, ಬರಲಿಲ್ಲ. ಅವಳು ಹೇಳಿದ್ದರಲ್ಲಿ ಸುಳ್ಳೇನಿದೆ ಅನ್ನಿಸಿತು.

ಹನ್ನೆರಡು ವರ್ಷದ ಹಿಂದೆ, ಇನ್ನೊಂದು ಊರಿನ ಇನ್ನೊಂದು ಕೆರೆಯಲ್ಲಿ, ಅವನೇ ಆ ಹುಡುಗಿಯ ಕೈಗೆ ತಾನು ಮಾಡಿದ ಹುಟ್ಟು ಕೊಟ್ಟಿದ್ದ. ದೊಡ್ಡವರ ರೇಸಿಗೆ ಆಗುವಂಥ ಬ್ಲೇಡು, ಊಟದ ತಟ್ಟೆಯಷ್ಟು ಅಗಲ. ಕೂದಲೆಳೆಯಷ್ಟೂ ಬಾಗದ ಕಾರ್ಬನ್ ಕೋಲು. ಉದ್ದ ಇದ್ದಷ್ಟೂ ದೂರ ಎಟಕುತ್ತದೆ ಎಂದು ಆಳುದ್ದಕ್ಕೆ ಒಂದೂವರೆ ಗೇಣು ಜಾಸ್ತಿ. ಭುಜ ಉರಿಯುತ್ತೆ ಅಪ್ಪಾ ಎಂದಾಗಲೆಲ್ಲ, ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೇ ಎಂದು ಗಾದೆ ಹೇಳುತ್ತಿದ್ದ. ಮಗುವಿಗೆ ಬಗ್ಗು ಎಂದು ಹೇಳಿ, ಬಗ್ಗದ ಕೋಲನ್ನು ಅದರ ಕೈಲಿಟ್ಟಿದ್ದ. ರೇಸಿನ ದಿನ ಕೊನೆಯ ತಿರುವಿನಲ್ಲಿ ಅವಳು ದಂಡೆಯತ್ತ ತಿರುಗಿ, “ಅಪ್ಪಾ, ಆಗ್ತಿಲ್ಲ!” ಎಂದು ಕೂಗಿದಳು. ಎಲ್ಲರಿಗೂ ಕೇಳಿಸಿತು. “ಇನ್ನು ಹತ್ತು ಹಾಕು!” ಎಂದು ಇವನು ಕೂಗಿದ್ದೂ ಎಲ್ಲರಿಗೂ ಕೇಳಿಸಿತು. ಹತ್ತೂ ಹಾಕಿದಳು. ಹತ್ತನೆಯದಕ್ಕೆ ತೋಳು ಜೋತುಬಿತ್ತು, ಹುಟ್ಟು ನೀರಿಗೆ ಬಿತ್ತು.

ಎರಡು ಆಪರೇಷನ್ ಆದವು. ಅವನು ಆಸ್ಪತ್ರೆಯ ಕೋಣೆಗೆ ಹೋದಾಗಲೆಲ್ಲ ಅವಳು ಗೋಡೆ ಕಡೆ ಮುಖ ಮಾಡುತ್ತಿದ್ದಳು. ಮರುವರ್ಷ ಹೆಂಡತಿ ಮಗಳನ್ನು ಕರೆದುಕೊಂಡು ಅಣ್ಣನ ಮನೆಗೆ ಹೋದಳು. ಬರೆದ ಕಾಗದಗಳು ಒಡೆಯದೆ ವಾಪಸ್ಸು ಬಂದವು. ಅವನು ಆ ಊರು ಬಿಟ್ಟು ಇಲ್ಲಿಗೆ ಬಂದು, ಮಂದಿಯ ಭುಜ ಕಾಯುವ ಕೆಲಸ ಹಿಡಿದ. ಅಟ್ಟ ಮೇಲೆ ಒಲೆ ಉರಿಯಿತು, ಕೆಟ್ಟ ಮೇಲೆ ಬುದ್ಧಿ ಬಂತು. ಊರವರ ಪಾಲಿಗೆ ಅವನು ದೊಡ್ಡ ತಿಳಿದವನು. ಎಲ್ಲಿ ಕಲಿತೆ ಎಂದು ಯಾರೂ ಕೇಳಿರಲಿಲ್ಲ.

“ಎರಡು ವಾರ ಬಿಟ್ಟು ಬನ್ನಿ,” ಎಂದ. “ಒಂದು ನಿಮಿಷ, ಇಲ್ಲಿ ಗೋಡೆಗೆ ಒರಗಿ ನಿಂತ್ಕೊಳ್ಳಿ, ಚಪ್ಪಲಿ ಬಿಡಿ.” ಯುವಕನ ಮೂಗಿನ ಮಟ್ಟಕ್ಕೆ ಗೋಡೆಯ ಮೇಲೆ ಪೆನ್ಸಿಲ್ ಗೆರೆ ಎಳೆದ.

“ಅಷ್ಟೇನಾ ಅಳತೆ? ಆಳು ಬರದೆ ಇಲ್ಲ ಅಂದ್ರಿ?”

“ಬಂದ ಹಾಗೇ ಆಯ್ತು, ಹೋಗಿ.”

ಅವನು ಹೋದ ಮೇಲೆ ಗೇಣಣ್ಣ ಆ ಗೆರೆಯ ಮುಂದೆ ಬಹಳ ಹೊತ್ತು ನಿಂತ. ಇಷ್ಟು ಬೆಳೆದಿದ್ದಾಳೆ. ತಾನು ಕೊನೆಯ ಸಲ ನೋಡಿದಾಗ ಇದಕ್ಕಿಂತ ನಾಲ್ಕು ಬೆರಳು ಕೆಳಗಿದ್ದಳು. ಗೆರೆಯ ಮೇಲೆ ಗೇಣು ಚಾಚಲು ಕೈ ಎತ್ತಿದ, ನೆತ್ತಿ ಇರಬೇಕಾದ ಜಾಗ ಬರೀ ಸುಣ್ಣದ ಗೋಡೆ. ಕೈ ಇಳಿಸಿದ.

ಎರಡು ವಾರ ಬೇರೆ ಯಾವ ಕೆಲಸವನ್ನೂ ಮುಟ್ಟಲಿಲ್ಲ. ಬ್ಲೇಡು ಚಿಕ್ಕದು, ಎರಡು ಅಂಗೈ ಜೋಡಿಸಿದರೆ ಎಷ್ಟೋ ಅದಕ್ಕಿಂತ ಸ್ವಲ್ಪ ದೊಡ್ಡದು. ನೀರು ಹಿಡಿಯಬೇಕು, ಭುಜವನ್ನು ಜಗ್ಗಬಾರದು. ಕೋಲು ಅಂಗಡಿಯಲ್ಲಿದ್ದುದರಲ್ಲೇ ಮೆತ್ತನೆಯದು. ಎಳೆದಾಗ ತಾನೇ ಬಳುಕಿ ಪೆಟ್ಟನ್ನು ನುಂಗಿಕೊಳ್ಳುವಂಥದ್ದು. ಉದ್ದದ ವಿಷಯದಲ್ಲಿ ತನ್ನ ಹೆಸರನ್ನೇ ಮುರಿದ. ಕೈ ಕಿವಿಗಿಂತ ಮೇಲೆ ಏಳದವಳಿಗೆ ಪೂರ್ತಿ ಗೇಣು ಯಾಕೆ? ಆಳುದ್ದ ಮತ್ತು ಅರ್ಧ ಗೇಣು. ಆದರೂ ಎರಡು ಬೆರಳು ಜಾಸ್ತಿ ಬಿಟ್ಟ. ಕೋಲನ್ನು ಆಮೇಲೆ ಕತ್ತರಿಸಬಹುದು, ಕತ್ತರಿಸಿದ್ದನ್ನು ಕೂಡಿಸಲಾಗದು. ಹಿಡಿಯನ್ನು ಬಿಸಿ ಅಂಟಿನಲ್ಲಷ್ಟೇ ಕೂರಿಸಿದ; ಕಾಯಿಸಿದರೆ ಕಳಚಿ ಬರುವಂಥ ಅಂಟು. ನಾಲ್ಕು ಸಲ ನೀರಿಗೆ ಹೋಗಿ ಬಂದು, ಉದ್ದ ಸರಿ ಎಂದ ಮೇಲೆ ಖಾಯಂ ಅಂಟು ಹಾಕುವುದು ಅವನ ರೂಢಿ.

ಹಿಡಿಯ ಅಡಿಯಲ್ಲಿ ಪುಟ್ಟ ಅಂಗೈ ಗುರುತು ಸುಡುವುದೂ ರೂಢಿಯೇ. ಕಬ್ಬಿಣ ಕಾಯಿಸಿದ, ಹತ್ತಿರ ತಂದ, ಹಿಂದಕ್ಕೆ ತೆಗೆದ. ಆ ಗುರುತನ್ನು ಮೊದಲು ಬಿಡಿಸಿಕೊಟ್ಟಿದ್ದೇ ಅವಳು, ಏಳು ವರ್ಷದವಳಿದ್ದಾಗ. ಅವನಿಗೆ ಎರಡು ಆಸೆ ಇದ್ದವು: ಅವಳು ಮತ್ತೆ ನೀರಿಗಿಳಿಯಬೇಕು, ಇಳಿಸಿದ್ದು ಅಪ್ಪ ಎಂದು ಅವಳಿಗೆ ಗೊತ್ತಾಗಬೇಕು. ಎರಡೂ ಒಟ್ಟಿಗೆ ನಡೆಯುವಂಥವಲ್ಲ. ಗೊತ್ತಾದರೆ ಮುಟ್ಟುವುದಿಲ್ಲ. ಕಬ್ಬಿಣವನ್ನು ನೀರಿಗದ್ದಿದ. ಕೊನೆಗೆ, ಕೆಳಗಿನ ಕೈ ಜಾರದಿರಲೆಂದು ಕೋಲಿಗೆ ತನ್ನ ಎಡಗೈ ರೂಢಿಯಂತೆ ದಾರ ಸುತ್ತಿ, ಮೆರುಗು ಹಚ್ಚಿ, ಒಣಗಲು ಒರಗಿಸಿದ.

“ನಾಲ್ಕು ಸಲ ನೀರಿಗೆ ಹೋದ ಮೇಲೆ ವಾಪಸ್ ತನ್ನಿ, ಹಿಡಿ ಖಾಯಂ ಮಾಡ್ತೀನಿ. ಎಲ್ಲಿ ತಗೊಂಡೆ ಅಂತ ಕೇಳಿದ್ರೆ ದೊಡ್ಡ ಅಂಗಡೀಲಿ ಅನ್ನಿ,” ಎಂದು ಯುವಕನ ಕೈಗೆ ಕೊಟ್ಟ.

“ಯಾಕೆ ಸರ್? ನಿಮ್ಮ ಹೆಸರು ಹೇಳ್ತೀನಿ, ನಾಲ್ಕು ಜನ ಬರ್ತಾರೆ.”

“ಬರೋರೇ ಸಾಕಾಗಿದಾರೆ ಕಣಪ್ಪಾ.”

ಮೂರು ವಾರ ಕಳೆಯಿತು. ಬಸ್ಸು ಬರುವ ಹೊತ್ತಿಗೆ ಗೇಣಣ್ಣನಿಗೆ ಬಾಗಿಲ ಬಳಿಯೇ ಏನಾದರೂ ಕೆಲಸ ಇರುತ್ತಿತ್ತು. ನಾಲ್ಕನೇ ವಾರ ಯುವಕ ಬಂದ, ಹಳೆಯ ಬೆಡ್‌ಶೀಟಿನಲ್ಲಿ ಸುತ್ತಿದ ಹುಟ್ಟು ಹಿಡಿದು. ಮೊದಲಿನ ನಗು ಇರಲಿಲ್ಲ. ಸರ್ ಎನ್ನುವುದನ್ನೂ ಬಿಟ್ಟಿದ್ದ. ಬೇರೆ ಏನೆಂದೂ ಕರೆಯಲಿಲ್ಲ.

“ಹಿಡಿ ಖಾಯಂ ಮಾಡಿಸ್ಕೊಂಡು ಬಾ ಅಂದಳು. ಎರಡು ಬೆರಳು ಕಡಿಮೆ ಮಾಡಬೇಕಂತೆ. ಅವಳೇ ಗೆರೆ ಹಾಕಿದಾಳೆ.”

“ಇಳಿದಳಾ?” ಎಂದ ಗೇಣಣ್ಣ.

“ಇಳಿದಳು. ಮೊದಲ ದಿನ ಅರ್ಧ ಗಂಟೆ. ಈಗ ದಿನಾ ಹೋಗ್ತಾಳೆ.”

“ಭುಜ?”

“ನೋವಿಲ್ಲ ಅಂದಳು. ಹನ್ನೆರಡು ವರ್ಷದಲ್ಲಿ ಇದೇ ಮೊದಲು ಅಂದಳು.”

ಗೇಣಣ್ಣನ ಕಣ್ಣು ತುಂಬಿತು. ಒರೆಸಿಕೊಳ್ಳಲಿಲ್ಲ. ಬೆಡ್‌ಶೀಟು ಬಿಚ್ಚಿದ. ಕೋಲಿನ ಮೇಲೆ ಅವನು ಸುತ್ತಿದ್ದ ದಾರ ಇರಲಿಲ್ಲ. ಬೇರೆ ದಾರ ಇತ್ತು, ನೀಲಿಯದು, ಬೇರೆ ದಿಕ್ಕಿಗೆ ಸುತ್ತಿದ್ದು.

ಯುವಕ ನೆಲ ನೋಡುತ್ತಾ ಹೇಳಿದ. “ಕೊಟ್ಟ ದಿನ ತುಂಬಾ ಖುಷಿಯಾದಳು. ಕಣ್ಣು ಮುಚ್ಕೊಂಡು ಕೋಲಿನ ಮೇಲೆ ಕೈಯಾಡಿಸ್ತಿದ್ದವಳು, ದಾರದ ಹತ್ರ ಬಂದು ನಿಲ್ಲಿಸಿದಳು. ಆ ಅಂಗಡಿಯವರು ಎಡಗೈಯವರಾ ಅಂತ ಕೇಳಿದಳು. ಹೌದು, ಯಾಕೆ ಅಂದೆ. ಹುಟ್ಟನ್ನ ಕೆಳಗಿಟ್ಟಳು. ರಾತ್ರಿ ಊಟ ಮಾಡಲಿಲ್ಲ. ಬೆಳಿಗ್ಗೆ ಎದ್ದು ನೋಡಿದ್ರೆ ಮೆಟ್ಟಿಲ ಮೇಲೆ ಕೂತು ಎಲ್ಲಾ ಬಿಚ್ತಾ ಇದ್ದಳು. ಆಮೇಲೆ ತಾನೇ ಸುತ್ತಿದಳು. ಆಮೇಲೆ ನೀರಿಗೆ ಹೋದಳು.” ಅವನು ಜೇಬಿನಿಂದ ಒಂದು ಉಂಡೆ ತೆಗೆದು ಮೇಜಿನ ಮೇಲಿಟ್ಟ. ಬಿಚ್ಚಿದ ದಾರ, ಅಚ್ಚುಕಟ್ಟಾಗಿ ಸುತ್ತಿದ್ದು. “ಇದನ್ನ ಅವರಿಗೆ ಕೊಟ್ಟುಬಿಡು ಅಂದಳು.”

ಗುರುತು ಸುಡದೆ ಬಿಟ್ಟಿದ್ದ. ಎಡಗೈಯನ್ನು ಎಲ್ಲಿ ಬಚ್ಚಿಡುವುದು? ಗೇಣಣ್ಣ ಉಂಡೆಯನ್ನು ಮುಟ್ಟಿದ, ತೆಗೆದುಕೊಳ್ಳಲಿಲ್ಲ.

“ಬೇರೆ ಏನಾದ್ರೂ...”

“ಬರಲ್ಲ ಅಂದಳು,” ಎಂದ ಯುವಕ, ಪ್ರಶ್ನೆ ಮುಗಿಯುವ ಮೊದಲೇ. ದನಿ ಒಡೆದಿತ್ತು. “ನಾನು ಕೇಳಿದೆ. ಎರಡು ಸಲ ಕೇಳಿದೆ. ಅದನ್ನ ಕೇಳೋದಾದ್ರೆ ಹುಟ್ಟೂ ಬೇಡ ಅಂದಳು. ಮತ್ತೆ ಕೇಳಲಿಲ್ಲ.”

“ಕೇಳಬೇಡಿ,” ಎಂದ ಗೇಣಣ್ಣ. “ಅವಳಿಂದ ನೀರು ಬಿಡಿಸಬೇಡಿ.”

ಹಿಡಿಯನ್ನು ಕಾಯಿಸಿ ಕಳಚಿದ. ಅವಳು ಹಾಕಿದ ಗೆರೆಯ ಸುತ್ತ ಟೇಪು ಸುತ್ತಿ, ಸಣ್ಣ ಹಲ್ಲಿನ ಗರಗಸದಿಂದ ನಿಧಾನವಾಗಿ ಕೊಯ್ದ. ಎರಡು ಬೆರಳಗಲದ ಬಳೆಯಂಥ ತುಂಡು ಮೇಜಿನ ಮೇಲೆ ಬಿದ್ದು ಉರುಳಿತು. ಖಾಯಂ ಅಂಟು ಕಲಸಿದ. ಹಚ್ಚುವ ಮೊದಲು ನೀಲಿ ದಾರದ ಕೊನೆಯನ್ನು ಹುಡುಕಿದ, ಹಾಗೇ ಅಭ್ಯಾಸಕ್ಕೆ. ಕೊನೆ ಕಾಣಲಿಲ್ಲ. ಕೊನೆಯ ಮೂರು ಸುತ್ತಿನ ಅಡಿಗೆ ತೂರಿಸಿ, ಎಳೆದು, ಕತ್ತರಿಸಿ ಮುಚ್ಚಿದ್ದಳು. ಹಾಗೆ ಮುಚ್ಚುವುದನ್ನು ಅವಳಿಗೆ ಕಲಿಸಿದ್ದು ಅವನೇ.

ಹಿಡಿಯನ್ನು ಕೂರಿಸಿ, ಬ್ಲೇಡಿಗೆ ನೇರ ಬರುವಂತೆ ತಿರುಗಿಸಿ, ಬಿಗಿಯಾಗಿ ಹಿಡಿದ.

“ಐದು ನಿಮಿಷ ಅಲುಗಾಡಬಾರದು,” ಎಂದ.

“ನಾನು ಹಿಡ್ಕೊಳ್ಳಲಾ?”

“ಬೇಡ. ಒಬ್ಬರೇ ಹಿಡೀಬೇಕು.”

ಹೊರಗೆ ಯಾರೋ ಹಲಗೆಯನ್ನು ನೀರಿಗೆ ತಳ್ಳಿದ ಸದ್ದು ಕೇಳಿಸಿತು. ಅಂಗೈ ಕೆಳಗೆ ಹಿಡಿ ನುಣ್ಣಗಿತ್ತು. ಒಂದು ಕಡೆ ಮಾತ್ರ, ಮಡಚಿದ ಹೆಬ್ಬೆರಳು ಒತ್ತುವ ಜಾಗದಲ್ಲಿ, ಮೆರುಗು ಆಗಲೇ ಸವೆಯಲು ಶುರುವಾಗಿತ್ತು. ಗೇಣಣ್ಣ ತನ್ನ ಹೆಬ್ಬೆರಳನ್ನು ಒಳಗೆ ಮಡಚಿ ಅಲ್ಲಿ ಇಟ್ಟ.

ಯುವಕ ಗಡಿಯಾರ ನೋಡಿದ. ಐದು ನಿಮಿಷ ಆಯಿತು. ಹತ್ತಾಯಿತು. ಬಸ್ಸಿಗೆ ಹೊತ್ತಾಗುತ್ತಿತ್ತು. ಅವನು ಬೆಂಚಿನ ಮೇಲೆ ಕೂತ.