ಹಸಿರು ಹರಳಿನ ಬುಡ

ಅಪ್ಪ ಹೋದ ಮೇಲೆ ಮನೆಯೂ ಅಂಗಡಿಯೂ ಅಣ್ಣನ ಪಾಲಾದವು. ನನ್ನ ಪಾಲಿಗೆ ಬಂದದ್ದು ಹೆಬ್ಬೆರಳುದ್ದದ ಒಂದು ಹಸಿರು ಹರಳು. ಗಂಡನನ್ನು ಬಿಟ್ಟು ಬಂದವಳಿಗೆ ಅದೇ ಹೆಚ್ಚಾಯಿತು ಎಂದು ಅತ್ತಿಗೆ ಮೂಗು ಮುರಿದಳು. ಅಣ್ಣ ಕಲ್ಲು ಗುರುತಿಸಿ ಬೆಲೆ ಕಟ್ಟುವವನು. ನಾನು ಅವನ ಮನೆಯ ಪಾತ್ರೆ ತಿಕ್ಕಿ, ಅಂಗಡಿ ಗುಡಿಸಿ, ಬಿಟ್ಟಿ ಕೂಳು ತಿನ್ನುವವಳು ಎಂದು ಅನ್ನಿಸಿಕೊಳ್ಳುವವಳು.

ಹರಳು ಮಾರಿದರೆ ಬೇರೆ ಕೋಣೆ ಹಿಡಿಯಬಹುದಿತ್ತು. ಒಳಗಿನಿಂದ ಚಿಲಕ ಹಾಕಿಕೊಳ್ಳಲು ನನ್ನದೇ ಒಂದು ಬಾಗಿಲು. ಅದಕ್ಕಾಗಿ ಜೀವ ಬಾಯಿ ಬಾಯಿ ಬಿಡುತ್ತಿತ್ತು. ಈ ಆಸೆ ಅತ್ತಿಗೆಯ ಕಿವಿಗೂ ಬಿತ್ತು.

"ಇವಳು ಹೋದ್ರೆ ಮನೆ ಕೆಲಸ ಯಾರು ಮಾಡೋದು?" ಎಂದು ನನ್ನೆದುರಿಗೇ ಅಣ್ಣನನ್ನು ಕೇಳಿದಳು.

ಮರುದಿನ ಬೆಲೆ ಕಟ್ಟಿಸಲು ಹರಳನ್ನು ಅಂಗಡಿಯಲ್ಲಿ ಅವನ ಮೇಜಿನ ಮೇಲಿಟ್ಟೆ.

"ಟೂರ್ಮಲಿನ್ ಇರಬೇಕು. ರಾಶಿ ರಾಶಿ ಸಿಗುತ್ತೆ," ಎಂದ.

"ಅಪ್ಪ ಪಾರ್ಗಸೈಟ್ ಅಂತಿದ್ರು."

"ಅದು ಆಂಫಿಬೋಲ್ ಅನ್ನೋ ಕಲ್ಲಿನ ಜಾತಿ. ಇಷ್ಟು ತಿಳಿಯಾದ ಹಸಿರು ಬಲು ಅಪರೂಪ. ಆ ಜಾತಿ ಆದ್ರೆ ಎರಡು ಕಡೆ ಸೀಳುತ್ತೆ, ಸೀಳು ಓರೆಯಾಗಿ ಕೂಡುತ್ತೆ; ಟೂರ್ಮಲಿನ್ ಹಾಗೆ ಸೀಳಲ್ಲ. ಒಡೆದು ನೋಡಿದ್ರೆ ತಾನೆ ಗೊತ್ತಾಗೋದು?"

ಸುತ್ತಿಗೆ ಎತ್ತಿಕೊಂಡ.

"ಬೇಡ ಅಣ್ಣ. ಬುಡದಲ್ಲಿ ಮೊದಲೇ ಮುರಿದಿದೆಯಲ್ಲ, ಅಲ್ಲೇ ನೋಡು."

"ನನಗೇ ಪಾಠ ಹೇಳ್ತೀಯಾ?"

ಒಂದೇ ಏಟು. ಹಸಿರು ಚೂರುಗಳು ನೆಲಕ್ಕೆ ಸಿಡಿದವು. ಚೂರೊಂದನ್ನು ಭೂತಕನ್ನಡಿಯ ಕೆಳಗೆ ಹಿಡಿದು, ನಿಧಾನವಾಗಿ ತಿರುಗಿಸಿ ನೋಡಿದ.

"ಪಾರ್ಗಸೈಟೇ ಕಣೇ. ಅಪ್ಪ ಸರಿಯಾಗೇ ಹೇಳಿದ್ರು. ಇಡಿಯಾಗಿದ್ದಿದ್ರೆ ಕೋಣೆ ಏನು, ಒಂದು ಮನೆಯೇ ಬರ್ತಿತ್ತು."

"ಈಗ?"

"ಚೂರಿಗೆ ಯಾರು ಬೆಲೆ ಕೊಡ್ತಾರೆ? ಅಪ್ಪನ ನೆನಪಿಗೆ ಇಟ್ಕೋ."

ಅಷ್ಟರಲ್ಲಿ ಗಿರಾಕಿಯೊಬ್ಬರು ಒಳಗೆ ಬಂದು, ಕರವಸ್ತ್ರ ಬಿಚ್ಚಿ, ಕಂದು ಬಣ್ಣದ ಹರಳೊಂದನ್ನು ಮುಂದಿಟ್ಟರು. ಅಣ್ಣ ಸುತ್ತಿಗೆಯನ್ನು ಸರಕ್ಕನೆ ಮೇಜಿನ ಕೆಳಗೆ ತಳ್ಳಿದ. ಹರಳನ್ನು ಎರಡು ಬೆರಳಲ್ಲಿ ಹಿಡಿದು, ತಲೆಕೆಳಗು ಮಾಡಿ, ಬುಡಕ್ಕೆ ಭೂತಕನ್ನಡಿ ಹಿಡಿದ.

"ಕಲ್ಲಿನ ಮೈ ಮುಟ್ಟೋದೇ ಬೇಡ ಸ್ವಾಮಿ," ಎಂದ, ಬೆಣ್ಣೆಯಂಥ ದನಿಯಲ್ಲಿ. "ಬುಡ ನೋಡಿದ್ರೆ ಸಾಕು, ಜಾತಿ ಗೊತ್ತಾಗುತ್ತೆ."

ಅವರು ಹೋದ ಮೇಲೆ ಅತ್ತಿಗೆ ಒಳಗಿನಿಂದ ಬಂದಳು. ನೆಲದ ಮೇಲಿನ ಹಸಿರನ್ನು ನೋಡಿದಳು, ಗಂಡನ ಮುಖವನ್ನೂ ನೋಡಿದಳು.

"ಕಾಲಿಗೆ ಚುಚ್ಚುತ್ತೆ, ಬೇಗ ಗುಡಿಸು. ಆಮೇಲೆ ಪಾತ್ರೆ ತಿಕ್ಕು, ನೆನೆಹಾಕಿದೀನಿ."

ಪೊರಕೆ ತಂದೆ. ಇಷ್ಟು ವರ್ಷ ಆ ನೆಲ ಗುಡಿಸಿದ್ದೇನೆ. ಧೂಳು ಸಿಕ್ಕಿದೆ, ದಾರ ಸಿಕ್ಕಿದೆ. ಹರಳಿನ ಚೂರು ಸಿಕ್ಕಿದ್ದು ಅವತ್ತೇ ಮೊದಲು.