ಮುಳ್ಳಿನ ಓರೆ

“ಇಸಿಲ್ಡಕ್ಕಾ, ಮುಟ್ಟಬೇಡ! ಬೆರಳಿನ ಗುರುತು ಬೀಳುತ್ತೆ!”

ಎಗ್ಬರ್ಟ್ ಕೂಗುವಷ್ಟರಲ್ಲಿ ಇಸಿಲ್ಡಾ ಬಟ್ಟೆ ಸರಿಸಿಯಾಗಿತ್ತು. ತೀರಿಕೊಂಡ ವಿಂಟನ್ ಮಲಗುತ್ತಿದ್ದ ಮಂಚದ ತಲೆದೆಸೆಯಲ್ಲಿ ಹಳೆಯ ರೆಕಾರ್ಡ್ ಪ್ಲೇಯರು, ಅದರ ಮೇಲೊಂದು ಹಾಡಿನ ಪ್ಲೇಟು. ಚೀಟಿಯಿಲ್ಲ, ಹೆಸರಿಲ್ಲ. ಮುರಿದೂ ಇಲ್ಲ.

ಮುರಿಯದೆ ಇದ್ದದ್ದೇ ಆಶ್ಚರ್ಯ. ಕಿಂಗ್‌ಸ್ಟನ್ನಿನ ಆ ಗಲ್ಲಿಯಲ್ಲಿ ಆಳೆತ್ತರದ ಧ್ವನಿಪೆಟ್ಟಿಗೆ ಜೋಡಿಸಿ ಕುಣಿತ ನಡೆಸುವವರಿಗೆಲ್ಲ ಪ್ಲೇಟು ಕೊರೆದುಕೊಟ್ಟವನು ವಿಂಟನ್. ಹಾಡುಗಾರ ಗಿರಾಕಿಯ ಹೆಸರು ಸೇರಿಸಿ ಹಾಡಬೇಕು, ಇವನು ಅದನ್ನು ಒಂದೇ ಒಂದು ಪ್ರತಿ ಕೊರೆಯಬೇಕು. ಕೊರೆದದ್ದು ಗಿರಾಕಿಯ ಕೈಗೆ. ಕೊರೆಯುವ ಮುಳ್ಳಿನ ಓರೆ, ಅಂದರೆ ಅದು ವಾಲಿ ನಿಂತ ಕೋನ, ಸರಿಯಿದೆಯೋ ಇಲ್ಲವೋ ಎಂದು ನೋಡಲು ಕೊರೆದದ್ದು ಇವನ ಮಂಡಿಗೆ ಬಡಿದು ಎರಡು ತುಂಡು. ಅಂಗಡಿಯಲ್ಲಿ ಇಡೀ ಪ್ಲೇಟು ಉಳಿಸಿಕೊಂಡವನೇ ಅಲ್ಲ.

“ಹಂಗಾದ್ರೆ ಇದು ಅವನದೇ,” ಎಂದಳು ಇಸಿಲ್ಡಾ. “ಅವನ ದನಿ ಇರುತ್ತೆ ಇದರಲ್ಲಿ.”

“ಅವನ ದನಿಯಾ!” ಧ್ವನಿಪೆಟ್ಟಿಗೆಗಳ ಯಜಮಾನ ರೂಪರ್ಟ್ ಬಾಗಿಲಲ್ಲೇ ನಕ್ಕ. “ಆ ಮುದುಕ ಸೀನಿದ್ದನ್ನೂ ನಾನು ಕೇಳಿಲ್ಲ ಅಕ್ಕ.”

“ಸತ್ತವನ ಮೇಲೆ ಹಲ್ಲು ಕಿರೀಬೇಡ.”

ಧ್ವನಿಪೆಟ್ಟಿಗೆಯವರಲ್ಲಿ ಯಾರು ಸತ್ತರೂ, ಮಣ್ಣು ಹಾಕುವ ಮೊದಲು ಅವರ ಹೆಸರಿನ ಪ್ಲೇಟು ಮೊಳಗಬೇಕು, ಅದು ಪದ್ಧತಿ. ಊರಿನವರ ಹೆಸರನ್ನೆಲ್ಲ ಕೊರೆದವನಿಗೆ ತನ್ನದೊಂದಿರಲಿಲ್ಲ. ಸದ್ದಿಲ್ಲದೆ ಹೂಳಲು ನಾನು ಬಿಡುವುದಿಲ್ಲ ಎಂದು ಇಸಿಲ್ಡಾ ಪಟ್ಟು ಹಿಡಿದಿದ್ದಳು. ಪಕ್ಕದ ಕಿಟಕಿಯಲ್ಲಿ ಊಟ ಮಾರುವ ಈ ಹೆಂಗಸಿಗೆ ಯಾಕಿಷ್ಟು ಹಟ ಎಂದು ಯಾರೂ ಕೇಳಲಿಲ್ಲ. ಕೇಳಿದ್ದರೂ ಅವಳು ಹೇಳುತ್ತಿರಲಿಲ್ಲ. ಅವನು ಅವಳಿಗೊಂದು ಉತ್ತರ ಕೊಡದೆ ಹೋಗಿದ್ದ. ಉತ್ತರ ಬೇಡ, ದನಿಯಾದರೂ ಬೇಕಿತ್ತು ಅವಳಿಗೆ.

“ಒಂದ್ಸಲ ಹಾಕಿ ನೋಡ್ಬಿಡೋಣ್ವಾ?” ಎಂದ ರೂಪರ್ಟ್.

“ತಲೆ ಕೆಟ್ಟಿದೆಯೇನೋ?” ಎಗ್ಬರ್ಟ್ ಸಿಡುಕಿದ. ವಿಂಟನ್ ಜೊತೆ ಕೆಲಸ ಕಲಿತು, ಕಣ್ಣಿಗೆ ಪೊರೆ ಬಂದ ಮೇಲೆ ಬಿಟ್ಟವನು ಅವನು. “ಈ ಪ್ಲೇಟು ಮೆತ್ತಗೆ. ಹಾಕ್ದಷ್ಟೂ ಸವೆಯುತ್ತೆ. ಮೊದಲ ಸಲ ಜನರ ಮುಂದೇನೇ. ‘ಮನೇಲಿ ಕೂತು ಕೇಳೋರಿಗೆ ಕೊರೆಯಲ್ಲ’ ಅಂತ ಎಷ್ಟು ಜನರನ್ನ ಬೈದು ಕಳಿಸಿದಾನೆ ಅವನು!”

ಆ ಕತ್ತಲ ಕೋಣೆಯಲ್ಲೇ ಎಗ್ಬರ್ಟ್ ಪ್ಲೇಟನ್ನು ತಡಕಿ ಎತ್ತಿ ಕಾಗದದ ಚೀಲಕ್ಕೆ ಇಳಿಸಿದ.

*

ಎಷ್ಟೋ ವರ್ಷಗಳ ಹಿಂದಿನ ಮಾತು, ಇಸಿಲ್ಡಾಗೆ ಆಗ ಮೂವತ್ತು ದಾಟಿತ್ತಷ್ಟೇ. ದಿನವೂ ಮಧ್ಯಾಹ್ನ ವಿಂಟನ್‌ನ ಅಂಗಡಿಗೆ ತಾನೇ ಊಟದ ಡಬ್ಬಿ ಒಯ್ಯುತ್ತಿದ್ದಳು. ಒಂದು ದಿನ ವಿಂಟನ್ ಕೊರೆಯುವ ಯಂತ್ರದ ತಲೆಯ ತಿರುಪನ್ನು ಕೂದಲೆಳೆಯಷ್ಟು ತಿರುಗಿಸಿ, ತಲೆಯೆತ್ತದೆ, “ಮೈಕಿನಲ್ಲಿ ಏನಾದ್ರೂ ಮಾತಾಡು. ‘ಸ’ ಅಕ್ಷರ ಜಾಸ್ತಿ ಇರ್ಲಿ. ಓರೆ ತಪ್ಪಿದ್ರೆ ಅಲ್ಲೇ ದನಿ ಸೀಳೋದು,” ಎಂದ.

“ಸುಟ್ಟ ಮೀನು, ಸೊಪ್ಪು, ಸಿಹಿಗೆಣಸು,” ಎಂದಳು ಇಸಿಲ್ಡಾ. “ಸಾಕಾ ಸ್ವಾಮಿ?”

ಪ್ಲೇಟು ತಿರುಗುತ್ತಿತ್ತು. ಮುಳ್ಳಿನ ಬುಡದಿಂದ ಕೊರೆದ ಸಿಪ್ಪೆ ಕಪ್ಪು ನೂಲಾಗಿ ಎದ್ದು ಬರುತ್ತಿತ್ತು. ಅವನು ಭೂತಗನ್ನಡಿಗೆ ಕಣ್ಣು ಹಚ್ಚಿ ಬಗ್ಗಿದ್ದ. ಮುಖ ಕಾಣದ್ದರಿಂದಲೇ ಅವಳಿಗೆ ಧೈರ್ಯ ಬಂತು.

“ವಿಂಟನ್, ನಿಂಗೂ ಯಾರಿಲ್ಲ, ನಂಗೂ ಯಾರಿಲ್ಲ. ಎರಡು ಮನೇಲಿ ಎರಡು ದೀಪ ಯಾಕೆ ಉರೀಬೇಕು? ನಮ್ಮನೇಗೇ ಬಂದ್ಬಿಡು. ದಿನಾ ಬಿಸಿ ಊಟ ಹಾಕ್ತೀನಿ. ಮಾತಾಡು ಅಂತ ಪೀಡಿಸಲ್ಲ, ದೇವರಾಣೆ.”

ಅವನು ಬಗ್ಗಿಯೇ ಇದ್ದ. ಭೂತಗನ್ನಡಿಯನ್ನು ತುಸು ಸರಿಸಿ, “ಸರಿ ಕೂತಿದೆ,” ಎಂದ.

“ಏನು?”

“ಓರೆ. ನೋಡು, ಮೊದಲನೇ ಗೆರೆಯಿಂದಲೂ ಹೊಳೀತಿದೆ. ಬೂದು ಹೊಡೆದಿಲ್ಲ.”

ಅವಳ ಮೈಯೆಲ್ಲ ಉರಿಯಿತು. ವಿಂಟನ್‌ಗೆ ಮಾತು ನಿಧಾನ. ಅದು ಬಾಯಿಗೆ ಬರುವಷ್ಟರಲ್ಲಿ ಎದುರಿನವರು ಎದ್ದು ಹೋಗಿರುತ್ತಿದ್ದರು. ಅವಳಿಗದು ಗೊತ್ತಿತ್ತು. ಗೊತ್ತಿದ್ದರೂ ಅಂದು ಕಾಯಲಿಲ್ಲ. ಮೈಕಿಗೇ ಬಾಯಿಟ್ಟು ಕೂಗಿ, ಡಬ್ಬಿ ಕುಕ್ಕಿ ಹೊರಬಿದ್ದಳು. ಆ ಪ್ಲೇಟನ್ನೂ ಮಂಡಿಗೆ ಬಡಿದಿರುತ್ತಾನೆ ಎಂದುಕೊಂಡಳು.

ಮರುದಿನದಿಂದ ಅವನೇ ಕಿಟಕಿಗೆ ಬರತೊಡಗಿದ. “ಮೀನಿದೆಯಾ?” “ಇದೆ.” ಇಬ್ಬರಿಗೂ ತಲೆ ನರೆಯುವವರೆಗೆ ಅಷ್ಟೇ ಮಾತು.

*

ಪಾದ್ರಿ ಪ್ರಾರ್ಥನೆ ಮುಗಿಸಿದರು. ರೂಪರ್ಟ್ ಪದ್ಧತಿಯಂತೆ ಗುಂಡಿಯ ಸುತ್ತ ಬಿಳಿ ರಮ್ ಚಿಮುಕಿಸಿದ. ಸಮಾಧಿಗಳ ನಡುವೆ ಧ್ವನಿಪೆಟ್ಟಿಗೆಗಳು ಗೋಡೆಯಂತೆ ನಿಂತಿದ್ದವು. ಎಗ್ಬರ್ಟ್ ಪ್ಲೇಟು ಹಾಕಿ, ತಡಕಿ ಮುಳ್ಳಿಟ್ಟ.

ಎಣ್ಣೆಗೆ ಮೀನು ಬಿಟ್ಟ ಹಾಗೆ ಬರೀ ಚುರ್ರೆಂಬ ಸದ್ದು.

ಜನ ಕಾದರು. ಚುರ್ರೆನ್ನುವುದು ನಿಲ್ಲಲಿಲ್ಲ.

“ಓರೆ ತಪ್ಪಿದೆ,” ಎಂದ ಹಿಂದಿನಿಂದ ಒಬ್ಬ.

“ಕೊನೆಗಾಲಕ್ಕೆ ಕಿವಿ ಹೋಗಿತ್ತು ಪಾಪ,” ಎಂದ ಇನ್ನೊಬ್ಬ.

“ಬಾಯಿ ಮುಚ್ಚೋ! ಅವನ ಕೈ ತಪ್ಪೋದಲ್ಲ,” ಎಂದು ಇಸಿಲ್ಡಾ ತಿರುಗಿ ಗದರಿದಳು. ಗದರಿದರೂ, ದನಿಯೂ ಇಲ್ಲವಾಯಿತಲ್ಲ, ಅವನ ಮಾನವನ್ನೂ ಕಳೆದೆನಲ್ಲ ಎಂದು ದುಃಖ ಒತ್ತಿ ಬಂತು.

ಎಗ್ಬರ್ಟ್ ಮುಳ್ಳು ಎತ್ತಲು ಕೈಚಾಚಿದ.

“ಬಿಡು. ಪೂರ್ತಿ ಹೋಗ್ಲಿ,” ಎಂದಳು. “ಕೊನೇಲಾದ್ರೂ ಏನಾದ್ರೂ ಅಂದಿರ್ತಾನೆ.”

ಸದ್ದು ಥಟ್ಟನೆ ತಿಳಿಯಾಯಿತು. ಮರುಕ್ಷಣ ಪೆಟ್ಟಿಗೆಗಳೆಲ್ಲ ಒಟ್ಟಿಗೆ, ಎಳೆಯ ಹೆಣ್ಣುದನಿಯಲ್ಲಿ, ನಿನ್ನೆ ಕೊರೆದಷ್ಟು ಸ್ಪಷ್ಟವಾಗಿ ಕೂಗಿದವು:

“ಓರೆ ನೋಡ್ಕೊಂಡೇ ಸಾಯಿ! ನಾಳೆಯಿಂದ ನಾನು ಬರಲ್ಲ!”

ಜನ ಒಬ್ಬರ ಮುಖ ಒಬ್ಬರು ನೋಡಿದರು. “ಯಾರಪ್ಪಾ ಅದು?” ಎಂದು ರೂಪರ್ಟ್ ಬಾಯಿಬಿಟ್ಟ. ಇಸಿಲ್ಡಾ ಹ್ಯಾಟಿನ ಅಂಚನ್ನು ಕಣ್ಣಿನವರೆಗೆ ಎಳೆದುಕೊಂಡಳು.

ಎಗ್ಬರ್ಟ್ ಪ್ಲೇಟು ತೆಗೆದು ಮೂಗಿನ ಹತ್ತಿರ ಹಿಡಿದು, ಬಿಸಿಲಿಗೆ ತಿರುಗಿಸಿ ತಿರುಗಿಸಿ ನೋಡಿದ.

“ಓರೆ ತಪ್ಪಿಲ್ಲ ಅಕ್ಕ,” ಎಂದ ಮೆಲ್ಲಗೆ. “ಇದು ಸವೆದಿರೋದು. ನಮಗೆಲ್ಲ ಬೈತಿದ್ದೋನು ತಾನೇ ಕೂತು ಕೇಳಿದಾನೆ. ಬೂದು ಹೊಡೆಯೋವರೆಗೂ ಕೇಳಿದಾನೆ. ಇಕೋ, ಈ ಕೂಗು ಬರೋ ಮೊದಲೇ ಮುಳ್ಳು ಎತ್ತಿಬಿಟ್ಟಿದಾನೆ. ಪ್ರತಿ ಸಲಾನೂ.”

ಹಾರೆ ಸಲಿಕೆ ಹಿಡಿದವರು ಅವಳ ಅಪ್ಪಣೆಗೆ ಕಾಯುತ್ತಿದ್ದರು. ಇಸಿಲ್ಡಾ ಪ್ಲೇಟನ್ನು ಎರಡೂ ಅಂಗೈಗಳ ನಡುವೆ, ಬೆರಳು ತಾಗದ ಹಾಗೆ, ಅಂಚು ಹಿಡಿದು ಓರೆ ಮಾಡಿದಳು. ಹೊರಗಿನಿಂದ ಒಳಕ್ಕೆ ಎಲ್ಲ ಬೂದು. ನಡುವಿನ ತೂತಿಗೆ ಹತ್ತಿರ ಬೆರಳಗಲದ ಒಂದು ಉಂಗುರ ಮಾತ್ರ ಕಪ್ಪಗೆ ಹೊಳೆಯುತ್ತಿತ್ತು.